ಕಡಲಂಚಿನ ಸೈಕಲ್ ದಾರಿ: ಟಾರೋ, ಮಣ್ಣೋ? ಹೋಗಿಬಂದವರು ಹೇಳಿ

ಹೊಸಪೆಡಲು: ಹತ್ತು ದಿನ ರಜೆ. ಸೆಕೆಯ ಕಡಲಂಚಿನಲ್ಲಿ ಸೈಕಲ್ ಹೊಡೆಯೋ ಆಸೆ, ಜೊತೆಗೆ ಅಕ್ಕ. ನೀರಿನ ಪಕ್ಕಕ್ಕೇ ಟಾರು ದಾರಿ ಇದೆ, ಮರಳುದಿಬ್ಬದ ಹಿಂದೆ ಮಣ್ಣುದಾರಿ ಇದೆ. ಎರಡೂ ಚೆಂದ ಅಂತಾರೆ. ನನ್ನದು 32 ಎಂಎಂ ಟೈರು. ಯಾವುದು ಹಿಡೀಲಿ?

ಉಪ್ಪುಗಾಳಿ: ಚೆಂದ ಅಂತ ಹೋಗಿ ಕೆಟ್ಟವನು ನಾನು. ಮಣ್ಣುದಾರಿ, ಎಂಟು ದಿನ. ರಾತ್ರಿ ಚೈನು ಒರೆಸಿ ಮಲಗಿದರೆ ಬೆಳಗ್ಗೆ ಕೊಂಡಿಗಳ ಮೇಲೆ ಕೆಂಪು ಪುಡಿ. ಎಣ್ಣೆ ಬಿಟ್ಟೆ, ಎಣ್ಣೆಗೆ ಮರಳು ಮೆತ್ತಿಕೊಂಡು ಉಜ್ಜುಕಾಗದ ಆಯಿತು. ಮನೆಗೆ ಬಂದು ಚೈನು ಎಷ್ಟು ಹಿಗ್ಗಿದೆ ಅಂತ ಅಳೆಯೋ ಗೇಜ್ ಇಟ್ಟರೆ ಸವೆತ ಶೇಕಡಾ 0.75 ದಾಟಿದೆ, ಚೈನಿನ ಕಥೆ ಮುಗೀತು. ಹೊಸ ಚೈನು ಹಾಕಿಸಿದೆ, ಹಳೇ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಮೇಲೆ ಜಾರಿತು. ಕ್ಯಾಸೆಟ್ಟೂ ಹೊಸದು. ಬ್ರೇಕ್ ಪ್ಯಾಡು ಎರಡು ಜೊತೆ. ಇವು ಚಿಲ್ಲರೆ ಖರ್ಚು ಬಿಡಿ. ಬಂದಮೇಲೆ ಎರಡು ತಿಂಗಳು ಮುಟ್ಟದೆ ಇಟ್ಟಿದ್ದೆ. ಕಾರ್ಬನ್ ಫ್ರೇಮಿನೊಳಗೆ ಸೀಟು ಹೊರೋ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಕಚ್ಚಿಕೊಂಡಿತು! ನಡುವೆ ಉಪ್ಪುನೀರು ಸೇರಿದರೆ ಆ ಜೋಡಿ ಬ್ಯಾಟರಿ ಇದ್ದಂಗೆ, ಅಲ್ಯೂಮಿನಿಯಂ ಬೆಳ್ಳಗೆ ಬೂಷ್ಟು ಹಿಡಿದು ಉಬ್ಬುತ್ತೆ. ಗರಗಸದಲ್ಲಿ ಕೊಯ್ದು ತೆಗೆಸಿದೆ, ಮೂರು ಗಂಟೆ.

ಎದುರುಗಾಳಿ: ಇದರಲ್ಲಿ ದಾರಿಯ ತಪ್ಪೇನಿದೆ? ಸಿಹಿನೀರಲ್ಲಿ ತೊಳೆದು, ಪೋಸ್ಟ್ ಹೊರಗೆಳೆದು ಕಚ್ಚಿಕೊಳ್ಳದ ಹಾಗೆ ಪೇಸ್ಟ್ ಹಚ್ಚೋಕೆ ಹತ್ತು ನಿಮಿಷ ಸಾಕು. ನಾನು ಟಾರೇ ಹಿಡಿದೆ, ಇವತ್ತಿಗೂ ಅದೇ ಸರಿ ಅಂತೀನಿ. ಮೊದಲ ದಿನ ಮಾತ್ರ ಎಂಟಕ್ಕೆ ಎದ್ದು ಹೊರಟು ಕೆಟ್ಟೆ. ಹನ್ನೊಂದಕ್ಕೆಲ್ಲ ನೆಲ ಕಾದು ಕಡಲಗಾಳಿ ಎದ್ದಿತು, ದಾರಿ ನೀರಿನ ಕಡೆ ತಿರುಗಿದಾಗೆಲ್ಲ ಎದೆಗೇ ಬಡಿತ. ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದವನು 13ಕ್ಕೆ ಇಳಿದೆ. ಐದು ಲೀಟರ್ ನೀರು ಕುಡಿದೆ, ಬರೀ ನೀರು. ಸಂಜೆ ತಲೆನೋವು, ವಾಂತಿ. ರಕ್ತದಲ್ಲಿ ಸೋಡಿಯಂ ಇಳಿದಿದೆ ಅಂದರು. ಮರುದಿನ ಹಾಸಿಗೆ. ಆಮೇಲೆ ಐದಕ್ಕೆ ಹೊರಟು ಹತ್ತಕ್ಕೆ ಮುಗಿಸುತ್ತಿದ್ದೆ.

ಉಪ್ಪುಗಾಳಿ: ಉಪ್ಪು ತಿನ್ನದೆ ಬಿದ್ದವರು ಉಪ್ಪು ಒರೆಸದವನಿಗೆ ಬುದ್ಧಿ ಹೇಳೋದು ಚೆನ್ನಾಗಿದೆ.

ಇಳಿತದವ: ಇಬ್ಬರೂ ಸುಮ್ಮನಿರಿ. ನೀರು ಹಿಂದೆ ಸರಿದಾಗಿನ ಒದ್ದೆ ಮರಳು ಟಾರಿಗಿಂತ ಮೇಲು. ಟೈರಿನ ಗೆರೆ ಕೂಡ ಅರೆಬರೆ ಮೂಡುತ್ತೆ ಅಷ್ಟೆ. ನಾನು ಮೂರು ದಿನ ಒಂದೇ ಹೊತ್ತಿಗೆ ಹೊರಟೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತೆ ಅನ್ನೋದು ನಾಲ್ಕನೇ ದಿನ ತಿಳೀತು, ಹೋಗಿ ನಿಂತರೆ ನೀರು ಇನ್ನೂ ದಡದಲ್ಲೇ! ಒಣ ಮರಳಲ್ಲಿ ನಾಲ್ಕು ಕಿಲೋಮೀಟರ್ ಸೈಕಲ್ ಹೊತ್ತೆ. ಆದರೂ ಮತ್ತೆ ಅಲ್ಲಿಗೇ ಹೋಗ್ತೀನಿ.

ದಿಬ್ಬದಬಳ್ಳಿ: ಆ ಒಣ ಮರಳಲ್ಲೇ ಕಡಲಾಮೆ ಮೊಟ್ಟೆ ಇಡೋದು. ಎಷ್ಟು ಗೂಡು ತುಳಿದ್ರೋ ನೋಡಿಕೊಂಡ್ರಾ?

ಇಳಿತದವ: ಹೊತ್ತೆ ಅಂದೆ, ಓಡಿಸಿದೆ ಅಂದಿಲ್ಲ. ಪೂರ್ತಿ ಓದಿ ಮಾತಾಡಿ.

ದಿಬ್ಬದಬಳ್ಳಿ: ಕಾಲಿಗೆ ಭಾರ ಇರಲ್ವಾ? ಬಳ್ಳಿ ಕಿತ್ತರೆ ದಿಬ್ಬದ ಮರಳೆಲ್ಲ ಗಾಳಿಪಾಲು. ಹಾಕಿರೋ ಜಾಡು ಬಿಟ್ಟು ಇಳಿಯೋರ ಮೇಲೆ ನನಗೆ ಕನಿಕರ ಇಲ್ಲ.

ಮೇಣದಚೈನು: ಚೈನಿಗೆ ಎಣ್ಣೆ ಬಿಟ್ಟಿದ್ದೇ ತಪ್ಪು. ಮೇಣ ಕರಗಿಸಿ ಅದ್ದಿ, ಮರಳು ಅಂಟಲ್ಲ.

ಉಪ್ಪುಗಾಳಿ: ಅದನ್ನೂ ಮಾಡಿ ನೋಡಿದ್ದೀನಿ ಸ್ವಾಮಿ. ಒಂದು ಮಳೆಗೆ ಮೇಣ ತೊಳೆದು ಎಣ್ಣೆಗಿಂತ ಬೇಗ ತುಕ್ಕು.

ಹೊಸಪೆಡಲು: ನನ್ನ 32 ಟೈರು?

ಮೇಣದಚೈನು: ಮಳೆಗೆ ತೊಳೆಯಿತು ಅಂದರೆ ಹಳೇ ಎಣ್ಣೆ ಪೂರ್ತಿ ತೆಗೆಯದೆ ಅದ್ದಿದ್ದೀರಿ. ಎಷ್ಟು ಸಲ ತೊಳೆದು ಅದ್ದಿದ್ರಿ, ಹೇಳಿ ನೋಡೋಣ?