ಸ್ಲಾಷರ್ ಬ್ಲೇಡಿಗೆ ಸಾಣೆ: ಬಾಯಿ ಎಷ್ಟು ಹರಿತವಿರಬೇಕು?

ಕೊಡಗಿನ ಸಿದ್ದಾಪುರದ ಬೆಳೆಗಾರರೊಬ್ಬರ ಪ್ರಶ್ನೆ:

ಕಾಫಿ ಸಾಲುಗಳ ನಡುವಿನ ಕಾಡು (ಕಳೆ) ಕೊಚ್ಚಲು ಮತ್ತು ಬಾಣೆಯ (ಗದ್ದೆಗೆ ಹೊಂದಿದ ಹುಲ್ಲುಗಾವಲಿನ) ಹುಲ್ಲು ಸವರಲು ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಐದಡಿಯ ಟ್ರ್ಯಾಕ್ಟರ್ ಸ್ಲಾಷರ್ ಒಂದನ್ನು ಕೊಂಡಿದ್ದೇನೆ. ಹುಲ್ಲು ಸರಿಯಾಗಿ ಕತ್ತರಿಸುತ್ತಿಲ್ಲವೆಂದು ಎರಡೂ ಬ್ಲೇಡ್‌ಗಳನ್ನು ಬಿಚ್ಚಿ ವರ್ಕ್‌ಶಾಪಿಗೆ ಕೊಟ್ಟಾಗ, ಅಲ್ಲಿ ಕತ್ತಿಯಂತೆ ತೆಳ್ಳಗೆ ಮಸೆದು ಕೊಟ್ಟರು. ಒಂದೇ ವಾರದಲ್ಲಿ ಒಂದು ಬ್ಲೇಡಿನ ಬಾಯಿ ಹಲ್ಲುಹಲ್ಲಾಗಿ ಮುರಿದಿದೆ. ಸೀಟಿನವರೆಗೂ ನಡುಕ ಬರುತ್ತಿದೆ. ಸಾಣೆಯನ್ನು ಮನೆಯಲ್ಲೇ ಮಾಡಿಕೊಳ್ಳುವ ಸರಿಯಾದ ಕ್ರಮವನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಅಮ್ಮತ್ತಿಯಿಂದ:

ನಿಮ್ಮ ಎರಡೂ ತೊಂದರೆಗಳಿಗೆ ಆ ಸಾಣೆಯೇ ಕಾರಣವಿರಬೇಕು. ಸ್ಲಾಷರ್ ಬ್ಲೇಡ್ ಕೊಚ್ಚುವುದು ಮುಖ್ಯವಾಗಿ ತನ್ನ ತೂಕ ಮತ್ತು ವೇಗದ ಬಲದಿಂದ. ಪಿಟಿಒ (ಯಂತ್ರಕ್ಕೆ ಶಕ್ತಿ ಕೊಡುವ ಟ್ರ್ಯಾಕ್ಟರಿನ ಹಿಂಬದಿಯ ದಂಡ) ನಿಮಿಷಕ್ಕೆ 540 ಸುತ್ತು ತಿರುಗುವಾಗ ಗೇರ್‌ಬಾಕ್ಸ್ ಅದನ್ನು 900ರ ಆಸುಪಾಸಿಗೆ ಏರಿಸಿದರೆ, ಐದಡಿ ವ್ಯಾಸದಲ್ಲಿ ಸುತ್ತುವ ಬ್ಲೇಡಿನ ತುದಿ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲಿ ತೆಳುವಾದ ಬಾಯಿ ಜಂಬಿಟ್ಟಿಗೆ ಕಲ್ಲಿಗೋ ಕಡಿದ ಕಾಫಿ ಗಿಡದ ಬೊಡ್ಡೆಗೋ ತಾಗಿದರೆ ಮಡಚಿಕೊಳ್ಳುತ್ತದೆ, ಇಲ್ಲವೇ ಚೂರಾಗುತ್ತದೆ. ಆದ್ದರಿಂದ ಬಾಯಿಯ ಅಂಚನ್ನು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಉಳಿಯುವಂತೆ ಮಸೆದರೆ ಸಾಕು. ಬೆರಳಾಡಿಸಿದರೆ ಮೊಂಡು ಎನಿಸಿದರೂ ಹುಲ್ಲು, ಲಂಟಾನ, ಕಮ್ಯುನಿಸ್ಟ್ ಗಿಡ ಎಲ್ಲವೂ ಅದಕ್ಕೆ ತುಂಡಾಗುತ್ತವೆ.

ಮೊದಲು ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಎಂಬ ಭರವಸೆಯ ಮೇಲೆ ಯಂತ್ರದ ಕೆಳಗೆ ಕೈಯಿಡಬೇಡಿ. ನಾಲ್ಕೂ ಮೂಲೆಗೆ ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟ ನಂತರವೇ ಬ್ಲೇಡ್ ಬಿಚ್ಚಿ. ಸಾಣೆಗೆ ನಾನು ಆಂಗಲ್ ಗ್ರೈಂಡರಿಗೆ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಪಟ್ಟಿಗಳನ್ನು ಜೋಡಿಸಿದ ಡಿಸ್ಕ್) ಹಾಕಿಕೊಳ್ಳುತ್ತೇನೆ, ಏಕೆಂದರೆ ಗಟ್ಟಿ ಕಲ್ಲಿನ ಡಿಸ್ಕ್ ಒಂದೇ ಕಡೆ ಆಳವಾಗಿ ಕಚ್ಚುತ್ತದೆ ಮತ್ತು ಬೇಗ ಬಿಸಿಯೇರಿಸುತ್ತದೆ. ಬ್ಲೇಡಿಗೆ ಮೊದಲಿನಿಂದ ಇದ್ದ ಇಳಿಜಾರನ್ನೇ ಅನುಸರಿಸಿ ಆ ಒಂದು ಬದಿಯನ್ನು ಮಾತ್ರ ಮಸೆಯಬೇಕು. ಚಪ್ಪಟೆ ಬದಿಯನ್ನು ಮುಟ್ಟಬಾರದು. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಉಕ್ಕಿನ ಹದ ಹೋಗಿದೆ, ಅಷ್ಟು ಭಾಗ ಮೆದುವಾಗಿದೆ ಎಂದರ್ಥ. ಬಿಸಿಯಾದ ಬ್ಲೇಡನ್ನು ನೀರಿಗೆ ಅದ್ದುವುದು ನಮ್ಮಲ್ಲಿ ಹಲವರ ರೂಢಿ, ಆದರೆ ಕಾದ ಉಕ್ಕು ಹಾಗೆ ಥಟ್ಟನೆ ತಣಿದರೆ ಬಿರುಕು ಬಿಡುವ ಭಯವಿದೆ. ಸ್ವಲ್ಪ ಮಸೆದು, ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಮತ್ತೆ ಮಸೆಯುವ ತಾಳ್ಮೆಯೇ ಒಳ್ಳೆಯದು.

ಇನ್ನು ನಡುಕದ ವಿಚಾರ. ಎರಡು ಬ್ಲೇಡ್‌ಗಳ ತೂಕ ಒಂದೇ ಆಗಿರಬೇಕು. ಮನೆಯಲ್ಲಿ ಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ಇದನ್ನು ನೋಡಬಹುದು. ಮೇಲೆ ಹೇಳಿದ ವೇಗದಲ್ಲಿ ಬ್ಲೇಡಿನ ತುದಿಯ ಬಳಿ ಕೇವಲ 50 ಗ್ರಾಂ ವ್ಯತ್ಯಾಸವಿದ್ದರೂ, ಒಂದು ಬದಿಗೆ 30 ಕಿಲೋಗೂ ಹೆಚ್ಚಿನ ಭಾರ ಪ್ರತಿ ಸುತ್ತಿಗೂ ಜಗ್ಗಿದಂತಾಗುತ್ತದೆ. ಆ ಪೆಟ್ಟನ್ನು ತಿನ್ನುವುದು ಗೇರ್‌ಬಾಕ್ಸಿನ ಬೇರಿಂಗ್ ಮತ್ತು ಆಯಿಲ್ ಸೀಲ್. ಭಾರವಾದ ಬ್ಲೇಡನ್ನು ಇನ್ನಷ್ಟು ಮಸೆದು ಹಗುರವಾದದ್ದಕ್ಕೆ ಸರಿದೂಗಿಸಬೇಕು. ಹಗುರವಾದದ್ದಕ್ಕೆ ವೆಲ್ಡಿಂಗ್ ಮಾಡಿ ತೂಕ ತುಂಬುವ ಕೆಲಸಕ್ಕೆ ದಯವಿಟ್ಟು ಯಾರೂ ಕೈ ಹಾಕಬೇಡಿ. ವೆಲ್ಡ್ ಆದ ಜಾಗದ ಪಕ್ಕದಲ್ಲೇ ಬ್ಲೇಡ್ ಮುರಿದು ಹಾರಿದರೆ ಪಕ್ಕದ ಸಾಲಿನಲ್ಲಿ ಕೆಲಸ ಮಾಡುವವರ ಜೀವಕ್ಕೇ ಅಪಾಯ.

ಬ್ಲೇಡ್ ತನ್ನ ಬೋಲ್ಟಿನ ಮೇಲೆ ಸಲೀಸಾಗಿ ತೂಗಾಡಬೇಕು. ಕಲ್ಲು ತಾಗಿದಾಗ ಅದು ಹಿಂದಕ್ಕೆ ಮಡಚಿಕೊಳ್ಳುವುದರಿಂದಲೇ ಗೇರ್‌ಬಾಕ್ಸ್ ಉಳಿಯುತ್ತದೆ. ತುಕ್ಕು ಹಿಡಿದು ಒಂದು ಬ್ಲೇಡ್ ಬಿಗಿಯಾಗಿ ನಿಂತರೆ, ತೂಕ ಎಷ್ಟು ಸಮವಿದ್ದರೂ ನಡುಕ ತಪ್ಪದು. ಬೋಲ್ಟಿನ ಕಂಠ ಸವೆದಿದ್ದರೆ ಹೊಸ ಬೋಲ್ಟ್, ಹೊಸ ನಟ್ ಎರಡನ್ನೂ ಹಾಕಿ, ಒಂದು ಗಂಟೆ ಓಡಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಮಾಡಿ.

ಪೊನ್ನಂಪೇಟೆಯಿಂದ:

ಅಮ್ಮತ್ತಿಯವರು ಬರೆದದ್ದು ತೋಟದ ಸ್ಲಾಷರಿಗೆ ಸರಿಯಾಗಿದೆ. ಆದರೆ ಇದನ್ನು ಓದಿದವರು ಮೈದಾನದ ಹುಲ್ಲು ಕತ್ತರಿಸುವ ಮೋವರಿಗೂ ಅದೇ ಲೆಕ್ಕ ಹಿಡಿಯಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ನಾನು ಕೆಲವು ವರ್ಷ ಹುಲ್ಲಿನ ಹಾಕಿ ಮೈದಾನವೊಂದನ್ನು ನೋಡಿಕೊಂಡಿದ್ದೇನೆ. ಅಲ್ಲಿ ಬ್ಲೇಡ್ ಮೊಂಡಾದರೆ ಹುಲ್ಲಿನ ತುದಿ ಸೀಳಿ, ಎರಡು ದಿನದಲ್ಲಿ ಇಡೀ ಮೈದಾನ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿ ಚೆನ್ನಾಗಿ ಹರಿತವಾದ ಬಾಯಿಯೇ ಬೇಕು, ಕೊನೆಗೆ ಅರ ಹಾಕಿ ನಯ ಮಾಡಬೇಕು. ಮಧ್ಯದಲ್ಲಿ ತೂತಿರುವ ಆ ಉದ್ದ ಬ್ಲೇಡನ್ನು ಗೋಡೆಯ ಮೊಳೆಗೆ ಅಡ್ಡಲಾಗಿ ತೂಗುಹಾಕಿದರೆ ಯಾವ ತುದಿ ಭಾರ ಎಂಬುದು ತಾನಾಗಿ ತಿಳಿಯುತ್ತದೆ. ಹುಲ್ಲನ್ನು ಮೇಲೆಬ್ಬಿಸಲು ಹಿಂಬದಿಯಲ್ಲಿ ಬಾಗಿಸಿರುವ ರೆಕ್ಕೆ ಮರಳು ಮಣ್ಣು ತಾಗಿ ತೆಳುವಾಗಿದ್ದರೆ, ಬಾಯಿ ಎಷ್ಟೇ ಚೆನ್ನಾಗಿದ್ದರೂ ಆ ಬ್ಲೇಡನ್ನು ಎಸೆಯಿರಿ.

ಸೋಮವಾರಪೇಟೆಯಿಂದ:

ನಮ್ಮ ಮಳೆಯಲ್ಲಿ ಸಾಣೆಗಿಂತ ಹೆಚ್ಚಾಗಿ ಮರೆಯುವುದು ಶುಚಿ ಮಾಡುವುದನ್ನು. ಹಸಿ ಹುಲ್ಲು ಬ್ಲೇಡಿನ ಮೇಲಿನ ಹೊದಿಕೆ ತಗಡಿನ ಒಳಮೈಗೆ ಗಟ್ಟಿಯಾಗಿ ಅಂಟಿ ಕುಳಿತರೆ, ಕತ್ತರಿಸಿದ ಹುಲ್ಲು ಹೊರಹೋಗಲು ಜಾಗವಿಲ್ಲದೆ ಎಂಜಿನ್ ಏದುಸಿರು ಬಿಡುತ್ತದೆ, ತಗಡೂ ತೂತಾಗುತ್ತದೆ. ಕೆಲಸ ಮುಗಿದ ದಿನವೇ ಕೆರೆದು ತೊಳೆಯಿರಿ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿಗಳನ್ನು ಒರೆಸಿ ಎಣ್ಣೆ ಹಚ್ಚುವಾಗ ನಾನು ಸ್ಲಾಷರಿನ ಬ್ಲೇಡ್‌ಗಳನ್ನೂ ಬಿಚ್ಚಿ ನೋಡಿ, ಗೇರ್‌ಬಾಕ್ಸಿನ ಎಣ್ಣೆಯಲ್ಲಿ ನೀರು ಸೇರಿ ಹಾಲಿನ ಬಣ್ಣ ಬಂದಿದೆಯೇ ಎಂದು ಪರೀಕ್ಷಿಸುತ್ತೇನೆ. ಮಳೆ ಇಳಿದ ನಂತರದ ಕಾಡು ಕೊಚ್ಚುವ ಹೊತ್ತಿಗೆ ಯಂತ್ರ ಸಿದ್ಧವಿರುತ್ತದೆ.

ಸಿದ್ದಾಪುರದಿಂದ, ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞತೆಗಳು. ಇಂದು ಬ್ಲೇಡ್‌ಗಳನ್ನು ಬಿಚ್ಚಿ ತೂಗಿದಾಗ 140 ಗ್ರಾಂ ವ್ಯತ್ಯಾಸ ಕಂಡಿತು. ಮುರಿದ ಬ್ಲೇಡಿನ ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ. ಒಂದನ್ನು ಮಾತ್ರ ಬದಲಿಸಿದರೆ ತೂಕ ಮತ್ತೆ ಹೊಂದುವುದಿಲ್ಲವಾದ್ದರಿಂದ, ಎರಡನ್ನೂ ಜೋಡಿಯಾಗಿಯೇ, ಬೋಲ್ಟ್ ಸಹಿತ ತರಿಸುತ್ತಿದ್ದೇನೆ.