ವೀಸಾಸ್ಕ್ರೀನ್ ಈಗಲೇ ಮಾಡಿಸಬೇಕೇ? ಕಲಬುರಗಿಯ ಸ್ಟಾಫ್ ನರ್ಸ್ ಒಬ್ಬರ ಪ್ರಶ್ನೆ

ಕಾಗಿಣಾತೀರ:
ಎಲ್ಲರಿಗೂ ಶರಣು. ನಾನು ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ, ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಐ.ಸಿ.ಯು.ನಲ್ಲಿ ಆರು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಅಮೆರಿಕದಲ್ಲಿ ಕುಟುಂಬಸಮೇತ ನೆಲೆಸಬೇಕೆಂಬ ಆಸೆಯಿದೆ. ಎರಡೂವರೆ ಲಕ್ಷ ರೂಪಾಯಿ ಕೊಟ್ಟರೆ ವೀಸಾಸ್ಕ್ರೀನ್ ಮಾಡಿಸಿಕೊಡುವುದಾಗಿಯೂ, ಅದು ಕೈಗೆ ಬಂದ ಒಂದು ವರ್ಷದಲ್ಲಿ ಗ್ರೀನ್ ಕಾರ್ಡ್ ಸಿಗುವುದಾಗಿಯೂ ಇಲ್ಲಿನ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಹಣ ಇನ್ನೂ ಕೊಟ್ಟಿಲ್ಲ. ತಂದೆಯವರು ಈ ಸಲದ ತೊಗರಿ ಮಾರಿ ಕೊಡುತ್ತೇನೆ ಎಂದಿದ್ದಾರೆ. ಆದರೆ ಮೂಲ ಅಂಕಪಟ್ಟಿಗಳನ್ನು ಕಳೆದ ವಾರ ಅವರಿಗೆ ಒಪ್ಪಿಸಿ ಬಂದಿದ್ದೇನೆ. ಮಗಳಿಗೆ ನಾಲ್ಕು ವರ್ಷ. ನಾನು ಸರಿಯಾದ ದಾರಿಯಲ್ಲಿದ್ದೇನೆಯೇ?

ಬಹಮನಿಕೋಟೆ:
ತಂಗಿ, ಮೊದಲು ಅಂಕಪಟ್ಟಿಗಳನ್ನು ಮರಳಿ ತೆಗೆದುಕೊಳ್ಳಿ. ಈ ಕೆಲಸಕ್ಕೆ ಮೂಲ ಪ್ರತಿಗಳು ಯಾವ ಏಜೆಂಟರ ಬಳಿಯೂ ಇರಬೇಕಾಗಿಲ್ಲ, ಏಕೆಂದರೆ ನಿಮ್ಮ ಶಿಕ್ಷಣದ ದಾಖಲೆಗಳು ನೀವು ಓದಿದ ಸಂಸ್ಥೆಯಿಂದಲೂ, ನೋಂದಣಿಯ ದೃಢೀಕರಣವು ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಿಂದಲೂ ವೀಸಾಸ್ಕ್ರೀನ್ ಕೊಡುವ ಅಮೆರಿಕದ ಸಂಸ್ಥೆಗೆ ನೇರವಾಗಿಯೇ ಹೋಗಬೇಕು.

ಹೆಸರಿನಲ್ಲಿ ವೀಸಾ ಎಂಬ ಪದವಿದ್ದರೂ ವೀಸಾಸ್ಕ್ರೀನ್ ವೀಸಾ ಅಲ್ಲ. 1996ರ ಅಮೆರಿಕದ ವಲಸೆ ಕಾನೂನು ಹೊರದೇಶದ ನರ್ಸ್, ಫಿಸಿಯೋಥೆರಪಿಸ್ಟ್, ಲ್ಯಾಬ್ ಟೆಕ್ನಾಲಜಿಸ್ಟ್ ಮುಂತಾದವರಿಗೆ ಕಡ್ಡಾಯ ಮಾಡಿದ ಅರ್ಹತಾ ಪ್ರಮಾಣಪತ್ರ ಅದು. ವೈದ್ಯರಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ಓದು ಅಲ್ಲಿನ ಓದಿಗೆ ಸಮನಾಗಿದೆ, ನೋಂದಣಿಗೆ ಯಾವ ತಡೆಯೂ ಇಲ್ಲ, ಇಂಗ್ಲಿಷ್ ಸಾಕಷ್ಟು ಬರುತ್ತದೆ, ಅಮೆರಿಕದ ನರ್ಸಿಂಗ್ ಪರವಾನಗಿಯ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅದರ ಅವಧಿ ಐದು ವರ್ಷ, ಇಂಗ್ಲಿಷ್ ಪರೀಕ್ಷೆಯಾದ ಐ.ಇ.ಎಲ್.ಟಿ.ಎಸ್.ನ ಅಂಕಗಳು ಎರಡೇ ವರ್ಷ ಊರ್ಜಿತ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೂ ಭಾರತದವರಿಗೆ ಈ ಪರೀಕ್ಷೆಯಿಂದ ವಿನಾಯಿತಿ ಇಲ್ಲ.

ಏಜೆಂಟರು ಹೇಳದೆ ಬಿಟ್ಟ ಮಾತು ಸರದಿಯದು. ಭಾರತದಲ್ಲಿ ಹುಟ್ಟಿದವರಿಗೆ ಇ.ಬಿ.-3 (ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ನ ಒಂದು ವರ್ಗ) ಸಾಲು ಎಷ್ಟು ಉದ್ದವೆಂದರೆ, 2025ರ ಮಧ್ಯಭಾಗದಲ್ಲಿ ಗ್ರೀನ್ ಕಾರ್ಡ್‌ಗೆ ಕರೆ ಬರುತ್ತಿದ್ದುದು 2013ರಲ್ಲಿ ಹೆಸರು ಹಚ್ಚಿದವರಿಗೆ. ಇಂದು ವೀಸಾಸ್ಕ್ರೀನ್ ಮಾಡಿಸಿಟ್ಟರೆ ನಿಮ್ಮ ಸರದಿ ಬರುವ ಮೊದಲೇ ಅದರ ಅವಧಿ ಮುಗಿದು, ಮತ್ತೆ ಹಣ ಕಟ್ಟಿ ನವೀಕರಿಸಬೇಕಾಗುತ್ತದೆ. ಅದು ಬೇಕಾಗುವುದು ಕೊನೆಯ ಹಂತದಲ್ಲಿ, ವೀಸಾ ಸಂದರ್ಶನದ ಹೊತ್ತಿಗೆ.

ಮೊದಲು ಬೇಕಾಗುವುದು ಎನ್‌ಕ್ಲೆಕ್ಸ್. ಯಾವುದಾದರೂ ಒಂದು ರಾಜ್ಯದ ನರ್ಸಿಂಗ್ ಬೋರ್ಡ್‌ಗೆ ಅರ್ಜಿ ಹಾಕಿ ಅನುಮತಿ ಪಡೆದರೆ ಹೈದರಾಬಾದಿನಲ್ಲೇ ಪರೀಕ್ಷೆ ಬರೆಯಬಹುದು. ಪಾಸಾದ ಬಳಿಕ ಅಲ್ಲಿನ ಆಸ್ಪತ್ರೆಯೊಂದು ನಿಮಗಾಗಿ ಐ-140 ಎಂಬ ವಲಸೆ ಅರ್ಜಿ ಸಲ್ಲಿಸಬೇಕು. ನರ್ಸ್‌ಗಳು ಷೆಡ್ಯೂಲ್ ಎ ಪಟ್ಟಿಯಲ್ಲಿರುವುದರಿಂದ, ಸ್ಥಳೀಯರು ಸಿಗಲಿಲ್ಲವೆಂದು ಆಸ್ಪತ್ರೆಯು ಕಾರ್ಮಿಕ ಇಲಾಖೆಗೆ ಮೊದಲು ಸಾಬೀತುಪಡಿಸಬೇಕಾಗಿಲ್ಲ. ಆ ಅರ್ಜಿ ಸಲ್ಲಿಕೆಯಾದ ದಿನವೇ ಸರದಿಯಲ್ಲಿ ನಿಮ್ಮ ದಿನಾಂಕ. ಆ ದಿನಾಂಕವನ್ನು ಎಷ್ಟು ಬೇಗ ಹಿಡಿಯುತ್ತೀರೋ ಅಷ್ಟು ಒಳ್ಳೆಯದು.

ಬಿದ್ರಿಕುಸುರಿ:
ಮೇಲಿನವರು ಹೇಳಿದ್ದೆಲ್ಲ ಸರಿಯಿದೆ. ಕಾಗದಪತ್ರದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಾನೂ ಜಿ.ಎನ್.ಎಂ. ಓದಿದವಳೇ, ಎ.ಎನ್.ಎಂ. ಎಂಬ ಕಿರಿಯ ನರ್ಸಿಂಗ್ ಓದು ಇದಕ್ಕೆ ಸಾಲುವುದಿಲ್ಲವಾದರೂ ಜಿ.ಎನ್.ಎಂ. ನಡೆಯುತ್ತದೆ, ಆದರೆ ವೈದ್ಯಕೀಯ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ಮತ್ತು ಮನೋರೋಗ ವಿಭಾಗಗಳಲ್ಲಿ ಪಾಠವನ್ನೂ ವಾರ್ಡ್ ಕೆಲಸವನ್ನೂ ಎಷ್ಟೆಷ್ಟು ತಾಸು ಮಾಡಿದ್ದೀರಿ ಎಂಬ ವಿವರ ಬೇಕು. ನಾನು ಓದಿದ ಸಂಸ್ಥೆಯಲ್ಲಿ ಮನೋರೋಗ ವಿಭಾಗದ ತಾಸುಗಳನ್ನು ಬರೆದಿಟ್ಟ ರಿಜಿಸ್ಟರ್ ಗೆದ್ದಲು ಹಿಡಿದಿತ್ತು. ಗುಮಾಸ್ತರ ಮುಂದೆ ಕುಳಿತು, ನನ್ನ ಹಳೆಯ ಕ್ಲಿನಿಕಲ್ ಡೈರಿಯ ಸಹಿಗಳನ್ನು ಒಂದೊಂದಾಗಿ ತೋರಿಸಿ ಪಟ್ಟಿ ಸಿದ್ಧಪಡಿಸಲು ಮೂರು ತಿಂಗಳು ಹಿಡಿಯಿತು. ನಿಮ್ಮ ಡೈರಿಯನ್ನು ದಯವಿಟ್ಟು ಜೋಪಾನವಾಗಿಡಿ.

ಇನ್ನೊಂದು, ಹೆಸರು. ನಮ್ಮ ಕಡೆ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರವಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು ಬಂದುಬಿಡುತ್ತದೆ. 2014ರ ನವೆಂಬರ್‌ಗೆ ಮೊದಲಿನ ದಾಖಲೆಗಳಲ್ಲಿ ಊರು ಗುಲ್ಬರ್ಗ, ಆಮೇಲಿನವುಗಳಲ್ಲಿ ಕಲಬುರಗಿ. ಊರಿನ ಹೆಸರನ್ನು ವಿವರಿಸಿ ಒಂದು ಪತ್ರ ಕೊಟ್ಟರೆ ಸಾಕಾಯಿತು. ನನ್ನ ಹೆಸರಿನ ವ್ಯತ್ಯಾಸಕ್ಕೆ ಮಾತ್ರ ಕಡತ ತಿಂಗಳುಗಟ್ಟಲೆ ನಿಂತಿತು.

ಹಣದ ಬಗ್ಗೆಯೂ ಒಂದು ಮಾತು. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ನಿಮ್ಮ ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಿ.

ಕಾಗಿಣಾತೀರ:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸರದಿ ಅಷ್ಟು ದೀರ್ಘವಾದರೆ ಮಗಳ ಗತಿಯೇನು?

ಬಹಮನಿಕೋಟೆ:
21 ವರ್ಷದೊಳಗಿನ ಅವಿವಾಹಿತ ಮಕ್ಕಳು ತಾಯಿಯ ಅರ್ಜಿಯೊಂದಿಗೇ ಬರುತ್ತಾರೆ. ನಿಮ್ಮ ಮಗಳಿಗೆ ನಾಲ್ಕು ವರ್ಷವಾದ್ದರಿಂದ ಕಾಲಾವಕಾಶವಿದೆ, ಆದರೆ ಐದಾರು ವರ್ಷ ಕೈಚೆಲ್ಲಿ ಕುಳಿತರೆ ಅದು ಉಳಿಯುವುದಿಲ್ಲ. ಎನ್‌ಕ್ಲೆಕ್ಸ್ ತಯಾರಿಯನ್ನು ಈ ವರ್ಷವೇ ಆರಂಭಿಸಿ ಎಂದು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಕಾಗಿಣಾತೀರ:
ನಿನ್ನೆ ತಂದೆಯವರೊಂದಿಗೆ ಹೋಗಿ ಅಂಕಪಟ್ಟಿಗಳನ್ನು ಮರಳಿ ತಂದೆ. ನೋಂದಣಿ ಸಂಖ್ಯೆ ಕೇಳಿದಾಗ ಏಜೆಂಟರು ಉತ್ತರಿಸಲಿಲ್ಲ. ಮನೆಯಲ್ಲಿ ಹರಡಿಕೊಂಡು ನೋಡಿದರೆ ಎರಡನೆಯ ವರ್ಷದ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಬೇರೆಯಿದೆ. ತಿದ್ದುಪಡಿಯನ್ನು ಎಲ್ಲಿಂದ ಆರಂಭಿಸಲಿ?

ಬಿದ್ರಿಕುಸುರಿ:
ನೀವು ಓದಿದ ಸಂಸ್ಥೆಯ ಪ್ರಾಂಶುಪಾಲರ ಪತ್ರದಿಂದ, ಅಕ್ಕಾ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಪ್ರತಿಯನ್ನು ಜೊತೆಗೆ ಒಯ್ಯಿರಿ. ಅದರಲ್ಲಿರುವ ಕಾಗುಣಿತವನ್ನೇ ಆಧಾರವಾಗಿ ಹಿಡಿಯಿರಿ.