60 ದಿನದ ಜಿಗಿಯೋ ವರ್ಕೌಟ್: 3ನೇ ವಾರಕ್ಕೇ ಮೊಳಕಾಲ್ ಚಿಪ್ಪಿನ ಸುತ್ತ ಬ್ಯಾನಿ. ನಿಲ್ಲಿಸ್ಬೇಕೋ, ಬದಲಿಸ್ಬೇಕೋ?

ತೊಗರಿ_ಕಣಜ (ಕಲಬುರಗಿ)

ಎಲ್ಲಾರಿಗೂ ನಮಸ್ಕಾರ್ರಿ. ಹೆಣ್ಮಗಳು, 34 ವಯಸ್ಸು, 76 ಕಿಲೋ. ಮನ್ಯಾಗ ವಿಡಿಯೊ ಹಚ್ಚಿ ಮಾಡೋ 60 ದಿನದ ಪ್ರೋಗ್ರಾಂ, ಈಗ 3ನೇ ವಾರ. ವಾರಕ್ಕ 6 ದಿನ, ದಿನಕ್ಕ 40 ನಿಮಿಷ. 45 ಸೆಕೆಂಡ್ ಮಾಡೋದು, 15 ಸೆಕೆಂಡ್ ದಮ್ ತಗೊಳ್ಳೋದು. ಜಂಪ್ ಸ್ಕ್ವಾಟ್ (ಬಸ್ಕಿ ಹೊಡೆದು ಜಿಗಿಯೋದು), ಬರ್ಪಿ (ಕೈ ನೆಲಕ್ಕ ಊರಿ ಕಾಲು ಹಿಂದಕ್ಕ ಎಸೆದು, ಮತ್ತ ಎದ್ದು ಜಿಗಿಯೋದು), ಜಿಗಿಯೋ ಲಂಜ್ (ಒಂದು ಕಾಲು ಮುಂದಿಟ್ಟು ಮಡಚಿ, ಜಿಗಿದು ಕಾಲು ಬದಲಿಸೋದು), ಹೈ ನೀಸ್ (ಮೊಳಕಾಲು ಮ್ಯಾಲಕ್ಕ ಎತ್ತಿ ನಿಂತಲ್ಲೇ ಓಡೋದು) ಇವೇ ಜಾಸ್ತಿ. ಪಡಸಾಲ್ಯಾಗ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು, ಅದರ ಮ್ಯಾಲ 6 ಎಂಎಂ ಯೋಗಾ ಮ್ಯಾಟ್, ಬರಿಗಾಲು.

ಎರಡೂ ಕಾಲಿಗೆ ಚಿಪ್ಪಿನ ಸುತ್ತ ಬ್ಯಾನಿ, ಬಲಕ್ಕ ಜಾಸ್ತಿ. ಪಾವಟಿಗಿ ಏರೋವಾಗ ಅಷ್ಟಿಲ್ಲ, ಇಳಿಯೋವಾಗ ಹಿಡಿತದ. ಬೀದರ್ ಬಸ್ಸಿನಾಗ ಮೂರು ತಾಸು ಕುಂತು ಎದ್ರ ಮೊದಲ ಹತ್ತು ಹೆಜ್ಜಿ ಕಷ್ಟ. ಬಸ್ಕಿ ಹೊಡಿಯೋವಾಗ ಕಟಕಟ ಸಪ್ಪಳ. ಬಾವು ಇಲ್ಲ, ಬಿದ್ದಿಲ್ಲ, ಉಳುಕಿಲ್ಲ. ವರ್ಕೌಟ್ ನಡುವ ಮೈ ಬಿಸಿ ಆದ ಮ್ಯಾಲ ಬ್ಯಾನಿ ಗೊತ್ತೇ ಆಗಂಗಿಲ್ಲ, ಮರುದಿನ ಮುಂಜಾನಿ ಹಿಡ್ಕೋತದ.

ಪೂರಾ ಬಿಡ್ಬೇಕೇನ್ರಿ? ನೀ ಕ್ಯಾಪ್ ಹಾಕ್ಕೊಂಡು ನಡೆಸ್ಬಹುದಾ? ಬಿಡದೆ ಏನು ಬದಲಿಸ್ಬಹುದು?

ಹಳೇ_ತಾಲೀಮ್ (ಯಾದಗಿರಿ)

ಬಸ್ಕಿ ಬಂದ್ ಮಾಡ್ರಿ ಅಕ್ಕಾರ. ಬಸ್ಕಿಯಿಂದ್ಲೇ ಮೊಳಕಾಲ್ ಸವಿತಾವ.

ಕೀಲು_ಎಣ್ಣಿ (ಬೀದರ್, ಫಿಸಿಯೊಥೆರಪಿ)

@ಹಳೇ_ತಾಲೀಮ್ ಅಣ್ಣಾರ, ಬಸ್ಕಿ ಮೊಳಕಾಲ್ ಸವೆಸಂಗಿಲ್ರಿ. ಸವೆಸೋ ಹಂಗಿದ್ರ ತಾಲೀಮಿನ್ಯಾಗ ದಿನಾ ನೂರಾರು ಹೊಡಿಯೋ ಪೈಲವಾನರು ಯಾರೂ ಎದ್ದು ನಿಂದ್ರುತ್ತಿದ್ದಿಲ್ಲ. ಅವರು ಸಣ್ಣವರಿದ್ದಾಗಿಂದ ಸ್ವಲ್ಪ ಸ್ವಲ್ಪ ಏರಿಸಿಕೊಂಡು ಬಂದಿರ್ತಾರ, ಕೆಳಗ ಮಣ್ಣಿನ ನೆಲ ಬ್ಯಾರೆ. ಇಲ್ಲಿ ತಪ್ಪಿದ್ದು ಲೆಕ್ಕ.

@ತೊಗರಿ_ಕಣಜ ಮೊದ್ಲು ಒಂದು ಹೇಳ್ರಿ: ಒಂದೇ ಬೆರಳು ಇಟ್ಟು ಬ್ಯಾನಿ ಎಲ್ಲಿ ಅಂತ ತೋರಿಸ್ಲಿಕ್ಕೆ ಬರ್ತದೋ, ಇಲ್ಲಾ ಅಂಗೈ ಇಟ್ಟು ‘ಇಲ್ಲೆಲ್ಲಾ’ ಅನ್ಬೇಕಾಗ್ತದೋ? ಚಿಪ್ಪಿನ ಕೆಳತುದಿ ಹೆಬ್ಬೆರಳಿಂದ ಒತ್ತಿದ್ರ ಚುರ್ ಅಂತದೇನು? ಕೀಲಿನ ಒಳಮಗ್ಗಲು, ಹೊರಮಗ್ಗಲು? ಮತ್ತ ಈ ಎರಡು ಮೂರು ತಿಂಗಳಿನ್ಯಾಗ ಜ್ವರ ಬಂದು ಕೈ ಬೆರಳು, ಹಿಮ್ಮಡ ಎಲ್ಲಾ ಸಂದು ಹಿಡಿದಿದ್ವೇನು?

ತೊಗರಿ_ಕಣಜ

ಅಂಗೈ ಇಟ್ಟೇ ತೋರಿಸ್ಬೇಕ್ರಿ, ಚಿಪ್ಪಿನ ಹಿಂದ, ಸುತ್ತಲೂ. ಕೆಳತುದಿ ಒತ್ತಿದ್ರ ಏನೂ ಇಲ್ಲ, ಮಗ್ಗಲಿಗೂ ಇಲ್ಲ. ಜ್ವರ ಬಂದಿಲ್ಲ.

ಕೀಲು_ಎಣ್ಣಿ

ಹಂಗಾದ್ರ ಲಕ್ಷಣ ಎಲ್ಲಾ ಚಿಪ್ಪು ಮತ್ತ ತೊಡಿ ಎಲುಬಿನ ನಡುವಿನ ಸಂದಿಗೆ ಕೂಡ್ತಾವ: ಅಂಗೈಯಷ್ಟು ಜಾಗದ ಬ್ಯಾನಿ, ಇಳಿಯೋವಾಗ ಜಾಸ್ತಿ, ಭಾಳ ಹೊತ್ತು ಮಡಚಿ ಕುಂತ್ರ ಹಿಡಿಯೋದು. ಕೈಲೆ ಮುಟ್ಟಿ ನೋಡದೆ ಖಾತ್ರಿ ಹೇಳಬಾರದು, ಆದ್ರ ಹಾದಿ ಇದೇ. ಕೆಳತುದಿ ಒಂದೇ ಬಿಂದುವಿನಾಗ ಚುರ್ ಅಂದಿದ್ರ ಚಿಪ್ಪಿನ ಕೆಳಗಿನ ಪಟ್ಟಿ (ಟೆಂಡನ್), ಹೊರಮಗ್ಗಲಾದ್ರ ತೊಡಿಯಿಂದ ಇಳಿಯೋ ಪಟ್ಟಿ. ಕಾಲು ತಿರುವಿದ ಮ್ಯಾಲ ಕೀಲಿನ ಗೆರಿಯೊಳಗ ಬ್ಯಾನಿ ಬಂದು ಮರುದಿನ ಬಾವು ಬಂದಿದ್ರ ಒಳಗಿನ ಗಾದಿ (ಮೆನಿಸ್ಕಸ್) ನೋಡಬೇಕಿತ್ತು. ಜ್ವರ ಕೇಳಿದ್ದು ಚಿಕುನ್‌ಗುನ್ಯಾ ಸಲುವಾಗಿ. ಅದರ ಸಂದುನೋವು ತಿಂಗಳಾನುಗಟ್ಟಲೆ ಎಳೀತದ, ಅದರ ಮ್ಯಾಲ ಜಿಗಿದ್ರ ಇನ್ನೂ ಕೆಣಕಿದಂಗ.

ಕಟಕಟ ಸಪ್ಪಳ ಬಿಟ್ಟು ಬಿಡ್ರಿ. ಅದರ ಜತಿಗೆ ಬ್ಯಾನಿ, ಬಾವು, ಸಿಕ್ಕಿಹಾಕ್ಕೊಳ್ಳೋದು ಇಲ್ಲಾಂದ್ರ ಅದಕ್ಕ ಅರ್ಥ ಇಲ್ಲ.

ಈಗ ಲೆಕ್ಕ. 45 ಸೆಕೆಂಡಿನ ಒಂದು ಜಿಗಿಯೋ ಸುತ್ತಿನ್ಯಾಗ ಸುಮಾರು 35 ಸಲ ಕಾಲು ನೆಲಕ್ಕ ಬೀಳ್ತದ. ನಾಲ್ಕು ಥರ ಜಿಗಿತ, ಮೂರು ಸುತ್ತು ಅಂದ್ರ 12. ಅಲ್ಲಿಗೆ 420. ಆರು ದಿನಕ್ಕ 2,520. ಜಿಗಿತದ ತರಬೇತಿ ಕೊಡೋವರು ಹೊಸಬರಿಗೆ ಇಡೋ ಮಿತಿ ಒಂದು ಸಲಕ್ಕ 80ರಿಂದ 100, ವಾರಕ್ಕ ಎರಡು ಮೂರು ದಿನ, ನಡುವ 48 ತಾಸು ಬಿಡುವು. ನೀವು ಮೊದಲ ದಿನವೇ ಅದರ ನಾಲ್ಕು ಪಟ್ಟು ಹೊಡದೀರಿ. ವಿಡಿಯೊದಾಗಿನ ಹುಡುಗ ವರ್ಷಗಟ್ಟಲೆ ಮಾಡಿ ಬಂದಾನ, ಅವನಿಗೆ ನಡೀತದ. ದಮ್ಮು ಎರಡು ವಾರದಾಗ ಬೆಳಿತದ, ಕೀಲಿನ ಸುತ್ತಲಿನ ಪಟ್ಟಿಗಳಿಗೆ ತಿಂಗಳುಗಳು ಬೇಕು. ದಮ್ಮು ಸಾಕು ಅಂತ ನಿಮ್ಮನ್ನ ನಿಂದ್ರಸಂಗಿಲ್ಲ, ಅಷ್ಟರಾಗ ಮೊಳಕಾಲು ಸೋತಿರ್ತದ.

ಪೂರಾ ಬಿಡಬ್ಯಾಡ್ರಿ. ಬಿಟ್ರ ತೊಡಿ ಸ್ನಾಯು ಇನ್ನೂ ಸಣ್ಣಾಗಿ, ಒಂದು ತಿಂಗಳ ಮ್ಯಾಲ ಮತ್ತ ಶುರು ಮಾಡಿದಾಗ ಅದೇ ಬ್ಯಾನಿ. ಜಿಗಿತ ಅಷ್ಟೇ ತೆಗೀರಿ, ಸದ್ಯಕ್ಕ. ಜಂಪ್ ಸ್ಕ್ವಾಟ್ ಜಾಗಕ್ಕ ಖುರ್ಚಿ ಬಸ್ಕಿ. ಬರ್ಪಿಯೊಳಗ ಹಿಂದಕ್ಕ ಒಂದೊಂದೇ ಕಾಲು ಇಟ್ಟು ಒಂದೊಂದೇ ತರ್ರಿ, ಕೊನಿಗೆ ಜಿಗಿಯೋ ಬದಲಿ ಹಿಮ್ಮಡ ಎತ್ತಿ ನಿಂದ್ರಿ. ಲಂಜ್ ಮುಂದಕ್ಕ ಹಾಕಬ್ಯಾಡ್ರಿ, ಹಿಂದಕ್ಕ ಹಾಕ್ರಿ. ಮುಂದಕ್ಕ ಹಾಕಿದ ಕಾಲು ಮೈಭಾರಕ್ಕ ಬ್ರೇಕ್ ಹಾಕ್ಬೇಕಾಗ್ತದ, ಆ ಬ್ರೇಕ್ ಚಿಪ್ಪಿನ ಮ್ಯಾಲ ಬೀಳ್ತದ. ಹೈ ನೀಸ್ ಬದಲಿ ಮಿಲಿಟ್ರಿ ನಡಿಗಿ. ಎದಿ ಬಡಿತ ಇಳೀಬಾರದು ಅಂದ್ರ ನಡುನಡುವ ಗಾಳಿಗೆ ಗುದ್ದು, 45 ಸೆಕೆಂಡ್ ಜೋರಾಗಿ. ಬೆವರು ಅಷ್ಟೇ ಸುರೀತದ, ಅನುಮಾನ ಬ್ಯಾಡ.

ಒಂದು ದಿನ ಬಿಟ್ಟು ಒಂದು ದಿನ, ವಾರಕ್ಕ ಮೂರು ಸಲ ಇವು:

ಖುರ್ಚಿ ಬಸ್ಕಿ, 10ರಂತೆ ಮೂರು ಸೆಟ್. 18 ಇಂಚಿನ ಖುರ್ಚಿ ಮ್ಯಾಲ ಎರಡು ದಿಂಬು ಇಡ್ರಿ. ಟೊಂಕ ಹಿಂದಕ್ಕ ಸರಿಸಿ, ಎದಿ ಸ್ವಲ್ಪ ಮುಂದಕ್ಕ ಬಾಗಿಸಿ, ಮೂರು ಎಣಿಸೋತನ ಇಳೀರಿ. ಮುಟ್ಟಿದ್ರ ಸಾಕು, ಭಾರ ಬಿಟ್ಟು ಕುಂದ್ರಬ್ಯಾಡ್ರಿ. ಎದಿ ನೆಟ್ಟಗ ಇಟ್ಟು ಇಳಿದ್ರ ಕೆಲಸ ಎಲ್ಲಾ ತೊಡಿ ಮುಂಭಾಗಕ್ಕ, ಅಂದ್ರ ಚಿಪ್ಪಿಗೇ ಹೋಗ್ತದ. ಮುಂದಕ್ಕ ಬಾಗಿದ್ರ ಟೊಂಕ ಪಾಲು ತಗೋತದ. ಬ್ಯಾನಿ 10ಕ್ಕ 3 ದಾಟದಿದ್ರ ವಾರಕ್ಕ ಒಂದು ದಿಂಬು ತೆಗೀರಿ.

ಗ್ವಾಡಿಗೆ ಆತು ಕುಂದ್ರೋದು, 30 ಸೆಕೆಂಡ್, ಐದು ಸಲ, ನಡುವ ಒಂದು ನಿಮಿಷ. ತೊಡಿ ನೆಲಕ್ಕ ಸಮ ಆಗೋತನ ಇಳೀಬ್ಯಾಡ್ರಿ, ಅರ್ಧಕ್ಕೇ ನಿಂದ್ರಿ. ಮೊಳಕಾಲು 90 ಡಿಗ್ರಿಗೆ ಹತ್ತಿರ ಆದಂಗ ಚಿಪ್ಪಿನ ಮ್ಯಾಲಿನ ಒತ್ತಡ ಏರ್ತದ. ಪಾಲಿಶ್ ಕಲ್ಲಿನ ಮ್ಯಾಲ ಬರಿಗಾಲಿಲೆ, ಸಾಕ್ಸ್ ಹಾಕ್ಕೊಂಡು ಮಾಡಬ್ಯಾಡ್ರಿ, ಜಾರ್ತದ. ಬೂಟು ಹಾಕ್ಕೋರಿ.

ಮಗ್ಗಲಾಗಿ ಮಲಗಿ ಕಾಲು ಎತ್ತೋದು, 12ರಂತೆ ಮೂರು ಸೆಟ್. ಬೆನ್ನು ಗ್ವಾಡಿಗೆ ಹತ್ತಿರ, ಹಿಮ್ಮಡ ಗ್ವಾಡಿ ಸವರಿಕೊಂಡು ಮ್ಯಾಲ ಹೋಗ್ಬೇಕು. ಗ್ವಾಡಿ ಬಿಟ್ಟು ಕಾಲು ಮುಂದಕ್ಕ ಬಂದ್ರ ಟೊಂಕದ ಮಗ್ಗಲು ಸ್ನಾಯು ಬಿಟ್ಟು ಮುಂದಿಂದು ಕೆಲಸ ಮಾಡ್ತದ. ಬ್ಯಾನಿ ಮೊಳಕಾಲಿಂದು, ಕಸರತ್ತು ಟೊಂಕದ್ದು ಯಾಕ ಅಂತ ಎಲ್ಲಾರೂ ಕೇಳ್ತಾರ. ಒಂಟಿಕಾಲ ಮ್ಯಾಲ ಭಾರ ಬಿದ್ದಾಗ ತೊಡಿ ಒಳಕ್ಕ ವಾಲದಂಗ ಹಿಡಿಯೋದು ಆ ಸ್ನಾಯುನೇ.

ಇಟ್ಟಂಗಿ ಇಳಿಯೋದು. ಅಡ್ಡ ಇಟ್ಟ ಒಂದು ಇಟ್ಟಂಗಿ ಸುಮಾರು 3 ಇಂಚು, ಶುರುವಿಗೆ ಅಷ್ಟು ಸಾಕು. ಒಂದು ಕಾಲು ಮ್ಯಾಲ, ಇನ್ನೊಂದರ ಹಿಮ್ಮಡ ನಿಧಾನ ನೆಲಕ್ಕ ಮುಟ್ಟಿಸಿ ಎತ್ರಿ. ಕನ್ನಡಿ ಮುಂದ ಮಾಡ್ರಿ: ಚಿಪ್ಪು ಎರಡನೇ ಬೆರಳಿನ ನೇರಕ್ಕ ಇರ್ಬೇಕು, ಹೆಬ್ಬೆರಳಿನ ಒಳಕ್ಕ ವಾಲಬಾರದು. ಮೊಳಕಾಲು ಬೆರಳು ದಾಟಿ ಜರಾ ಮುಂದ ಹೋದ್ರ ಹೆದರಬ್ಯಾಡ್ರಿ, ಒಳಕ್ಕ ಬೀಳೋದೇ ತಪ್ಪು. 8ರಂತೆ ಮೂರು ಸೆಟ್. ಎರಡು ವಾರಕ್ಕ ಎರಡನೇ ಇಟ್ಟಂಗಿ.

ಜತಿಗೆ ಹಿಮ್ಮಡ ಎತ್ತೋದು 15ರಂತೆ ಮೂರು ಸೆಟ್. ಕಡಿಮಿ ಅಂದ್ರ ಆರು ವಾರ ನಡೆಸ್ರಿ, ಹತ್ತು ದಿನಕ್ಕ ಗುಣ ಕಾಣಲಿಲ್ಲ ಅಂತ ಬಿಡಬ್ಯಾಡ್ರಿ.

ಬ್ಯಾನಿಗೆ 0ಯಿಂದ 10 ನಂಬರ್ ಕೊಡ್ರಿ. ಮಾಡೋವಾಗ 3ರ ತನ ನಡೀತದ. ಖರೆ ಪರೀಕ್ಷಾ ಮರುದಿನ ಮುಂಜಾನಿ ಪಾವಟಿಗಿ ಇಳಿಯೋವಾಗ. ನಿನ್ನಿಗಿಂತ ಜಾಸ್ತಿ ಹಿಡಿದ್ರ ನಿನ್ನಿ ಮಾಡಿದ್ದು ಜಾಸ್ತಿ ಆಯ್ತು ಅಂತ, ಮುಂದಿನ ಸಲ ಮೂರನೇ ಸೆಟ್ ತೆಗೀರಿ. ನೀವೇ ಬರದೀರಿ ನೋಡ್ರಿ, ಮೈ ಬಿಸಿ ಆದ ಮ್ಯಾಲ ಗೊತ್ತಾಗಂಗಿಲ್ಲ ಅಂತ. ಅದಕ್ಕೇ ವರ್ಕೌಟ್ ನಡುವಿನ ಬ್ಯಾನಿ ನಂಬಬಾರದು.

ನೆಲ_ನೋಡಿ_ಕುಣಿ (ಕಲಬುರಗಿ)

ಕೀಲು_ಎಣ್ಣಿ ಅವರು ನೆಲದ ಬಗ್ಗೆ ಹೆಚ್ಚು ಬರೆದಿಲ್ಲ, ಹಾಗಾಗಿ ಅದನ್ನು ನಾನು ಸೇರಿಸುತ್ತೇನೆ. ಶಹಾಬಾದ್ ಕಲ್ಲು ಸುಣ್ಣದಕಲ್ಲು. ಬೇಸಿಗೆಯಲ್ಲಿ ತಂಪು, ಆದರೆ ಕಾಲಿಗೆ ಎಳ್ಳಷ್ಟೂ ಬಗ್ಗುವುದಿಲ್ಲ. 6 ಎಂಎಂ ಮ್ಯಾಟ್ ಇರುವುದು ಮೊಣಕಾಲೂರಿ ಆಸನ ಮಾಡಲು. ಜಿಗಿದಾಗ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗೆಂದು ಗಾದಿ ಹಾಸಿ ಜಿಗಿಯಬೇಡಿ, ಪಾದ ಹೊರಳಿ ಹರಡು ಉಳುಕುತ್ತದೆ. ಒಂದಕ್ಕೊಂದು ಸಿಕ್ಕಿಸುವ ಗಟ್ಟಿ ಫೋಮ್ ಟೈಲ್ಸ್, 20 ಎಂಎಂನವು, 6 ಅಡಿಗೆ 4 ಅಡಿ ಜಾಗಕ್ಕೆ ಹಾಸಿದರೆ ಸಾಕು. ಕೆಳಗೆ ಧೂಳಿದ್ದರೆ ಟೈಲ್ಸ್ ಸರಿಯುತ್ತವೆ, ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಜಮಖಾನೆ ಹಾಸಿ ಮಾಡುವವರೂ ಇದ್ದಾರೆ. ಪಾಲಿಶ್ ಕಲ್ಲಿನ ಮೇಲೆ ಜಮಖಾನೆ ಎಂದರೆ ಜಾರುಬಂಡಿ. ಮಾಳಿಗೆ ಮೇಲೆ ಹೋದರೂ ಅಲ್ಲಿರುವುದು ಸಿಮೆಂಟೇ, ಲಾಭವಿಲ್ಲ.

ಇಳಿಯುವ ರೀತಿಗೆ ಕಿವಿಯೇ ಸಾಕ್ಷಿ. ಧಪ್ ಎಂದು ಸದ್ದಾದರೆ ಮೊಣಕಾಲು ನೆಟ್ಟಗಿತ್ತು ಎಂದರ್ಥ. ಪಾದದ ಮುಂಭಾಗ ಮೊದಲು, ಆಮೇಲೆ ಹಿಮ್ಮಡಿ, ಅದರ ಜೊತೆಗೇ ಟೊಂಕ ಮತ್ತು ಮೊಣಕಾಲು ಮಡಚಬೇಕು. ಕೆಳಗಿನ ಮನೆಯವರಿಗೆ ಕೇಳಿಸದಂತೆ ಇಳಿದರೆ ಸರಿಯಾಗಿದೆ.

ಮತ್ತೆ ಜಿಗಿತ ಯಾವಾಗ? ಒಂದು ವಾರ ಮೆಟ್ಟಿಲು ನೋವಿಲ್ಲದೆ ಇಳಿಯಬೇಕು, ಎರಡು ಇಟ್ಟಿಗೆ ಎತ್ತರದಿಂದ ಒಂದೊಂದು ಕಾಲಲ್ಲೂ 10 ಸಲ, ಮೊಣಕಾಲು ಒಳಕ್ಕೆ ವಾಲದಂತೆ ಇಳಿಯಲು ಬರಬೇಕು. ಆಮೇಲೆ ಎರಡೂ ಕಾಲಲ್ಲಿ, ಒಂದು ಇಂಚು ಎತ್ತರದ ಕುಪ್ಪಳಿಕೆ 20. ಮರುದಿನ ತೊಂದರೆ ಇಲ್ಲದಿದ್ದರೆ ವಾರಕ್ಕೆ 20ರಂತೆ ಏರಿಸಿ, ವಾರಕ್ಕೆ ಎರಡೇ ದಿನ. ಜಿಗಿಯುವ ಲಂಜ್ ಎಲ್ಲಕ್ಕಿಂತ ಕೊನೆಗೆ.

ತೊಗರಿ_ಕಣಜ

ಭಾಳ ಉಪಕಾರ ಆಯ್ತ್ರಿ. ನೀ ಕ್ಯಾಪ್ ವಿಷಯ ಉಳಿತು. ಮತ್ತ ಶುರು ಮಾಡೋಕ್ಕಿಂತ ಮೊದ್ಲು ಒಂದು ಬ್ಯಾನಿ ಗುಳಿಗಿ ತಗೊಂಡ್ರ ನಡೀತದ ಅಂತ ಕೆಲವರು ಹೇಳ್ತಾರ. ನೆಲದ ಮ್ಯಾಲ ಕುಂದ್ರೋದು, ದೇಸಿ ಸಂಡಾಸ ಇವೂ ಬಿಡ್ಬೇಕೇನು?

ಕೀಲು_ಎಣ್ಣಿ

ಗುಳಿಗಿ ನುಂಗಿ ಜಿಗಿಯೋದು ಬ್ಯಾಡೇ ಬ್ಯಾಡ. ಬ್ಯಾನಿ ಮುಚ್ಚಿದ್ರ ಎಲ್ಲಿ ನಿಂದ್ರಬೇಕು ಅನ್ನೋದು ಗೊತ್ತಾಗಂಗಿಲ್ಲ, ಅದು ಒಂದು. ಎರಡನೇದು ನಮ್ಮ ಬಿಸಿಲು. ಏಪ್ರಿಲ್, ಮೇದಾಗ 40 ಡಿಗ್ರಿ ದಾಟಿದಾಗ ಮೈಯ್ಯಾಗಿನ ನೀರು ಬೆವರಾಗಿ ಹೋಗಿರ್ತದ, ಅದರ ಮ್ಯಾಲ ಡೈಕ್ಲೊಫೆನಾಕ್, ಐಬುಪ್ರೊಫೇನ್ ಬಿದ್ರ ಮೂತ್ರಪಿಂಡಕ್ಕ ಪೆಟ್ಟು. ಬಿಪಿ, ಶುಗರ್, ಹೊಟ್ಟಿ ಹುಣ್ಣು ಇದ್ದವರಂತೂ ಡಾಕ್ಟರ್ ಕೇಳದೆ ಮುಟ್ಟಲೇಬಾರದು. ಕಸರತ್ತು ಮುಗಿದ ಮ್ಯಾಲ ಬಟ್ಟಿ ಸುತ್ತಿದ ಐಸ್ 10–15 ನಿಮಿಷ ಇಡ್ರಿ, ಸಾಕು.

ನೀ ಕ್ಯಾಪ್ ಭಾರ ಹೊರಂಗಿಲ್ಲ. ಬೆಚ್ಚಗ ಇಡ್ತದ, ಧೈರ್ಯ ಕೊಡ್ತದ, ಅಷ್ಟೇ. ಕಸರತ್ತಿನ ಹೊತ್ತಿಗೆ ಹಾಕ್ಕೋರಿ, ಮಲಗೋವಾಗ ತೆಗೀರಿ. ಮೀನಖಂಡ ಜುಂ ಅಂದ್ರ ಅಳತಿ ಸಣ್ಣದಾಗ್ಯದ. ಅದನ್ನ ಹಾಕ್ಕೊಂಡು 420 ಜಿಗಿತಕ್ಕ ವಾಪಸ್ ಹೋಗೋದು ಮಾತ್ರ ಬ್ಯಾಡ.

ನೆಲದ ಮ್ಯಾಲ ಕುಂದ್ರೋದು ತಪ್ಪಲ್ಲ, ಒಂದೇ ಮಡಚಿನ್ಯಾಗ ಅರ್ಧ ತಾಸು ಕುಂದ್ರೋದು ತಪ್ಪು. ಕುಂದ್ರೋ ಮಣಿ (ಮಣೆ) ಹಾಕ್ಕೋರಿ, ಹತ್ತು ನಿಮಿಷಕ್ಕ ಒಂದು ಸಲ ಕಾಲು ಚಾಚ್ರಿ. ಬಸ್ಸಿನಾಗೂ ಅಷ್ಟೇ, ಕಾಲು ಚಾಚಲಿಕ್ಕೆ ಬರೋ ಸೀಟು ಹಿಡೀರಿ. ಸಂಡಾಸದಾಗ ಹಿಡ್ಕೊಂಡು ಏಳ್ಲಿಕ್ಕೆ ಗ್ವಾಡಿಗೆ ಒಂದು ಹಿಡಿಕಿ ಹಾಕ್ಸ್ರಿ. ಬ್ಯಾನಿ ಜೋರಿದ್ದ ಎರಡು ಮೂರು ವಾರ ಕಮೋಡ್ ಇದ್ರ ಅದನ್ನ ಬಳಸ್ರಿ.

ಕಸರತ್ತು ಇಲ್ಲದ ದಿನ ನಡಿಗಿಗೆ ಅಪ್ಪನ ಕೆರಿ ದಂಡಿ ಸಮತಟ್ಟು ಅದ, ನಸುಕಿನಾಗ ಹೋಗ್ರಿ. ಕ್ವಾಟಿ (ಕೋಟೆ) ಏರಿ ಇಳಿಯೋದು ಸದ್ಯಕ್ಕ ಬ್ಯಾಡ. ಸೈಕಲ್ ತುಳಿಯೋದಾದ್ರ ಸೀಟು ಎತ್ತರಕ್ಕ ಏರಿಸ್ರಿ, ಪೆಡಲ್ ಕೆಳಗ ಬಂದಾಗ ಮೊಳಕಾಲು ಜರಾ ಅಷ್ಟೇ ಮಡಚಿರ್ಬೇಕು. ಸೀಟು ತಗ್ಗಿದ್ರ ಚಿಪ್ಪಿನ ಮ್ಯಾಲೇ ಒತ್ತಡ.

ಹಳೇ_ತಾಲೀಮ್

ಬಸ್ಕಿ ವಿಷಯ ಒಪ್ಪಿದೆ ಅಣ್ಣಾರ. ಆದ್ರ ದವಾಖಾನಿಗೆ ಯಾವಾಗ ಹೋಗ್ಬೇಕು ಅದನ್ನೂ ಬರೀರಿ, ಇಲ್ಲಾಂದ್ರ ಇದನ್ನ ಓದಿದವರು ಎಲ್ಲಾ ಬ್ಯಾನಿಗೂ ಇಟ್ಟಂಗಿ ಹುಡುಕ್ತಾರ.

ಕೀಲು_ಎಣ್ಣಿ

ಖರೆ. ಕಾಲು ತಿರುವಿದಾಗ ಪಟ್ ಅಂತ ಸಪ್ಪಳ ಬಂದು ಎರಡು ಮೂರು ತಾಸಿನಾಗ ಬಾತ್ರ ಅವತ್ತೇ ಹೋಗ್ರಿ. ಪೆಟ್ಟು ಬಿದ್ದ ಮ್ಯಾಲ ನಾಲ್ಕು ಹೆಜ್ಜಿ ಭಾರ ಹಾಕಿ ನಡೀಲಿಕ್ಕೆ ಬರದಿದ್ರ, 90 ಡಿಗ್ರಿ ಮಡಚಲಿಕ್ಕೆ ಬರದಿದ್ರ ಎಕ್ಸ್‌ರೇ ಬೇಕು. ಮೊಳಕಾಲು ಸಿಕ್ಕಿಹಾಕ್ಕೊಂಡು ನೆಟ್ಟಗಾಗದಿದ್ರ, ನಡೆಯೋವಾಗ ಕುಸಿದ್ರ ಎಲುಬಿನ ಡಾಕ್ಟರ್ ಕಡೆ. ಕೆಂಪಾಗಿ ಬಿಸಿ ಆಗಿ ಜತಿಗೆ ಜ್ವರ ಬಂದ್ರ, ಇಲ್ಲಾ ಒಂದೇ ಮೀನಖಂಡ ಬಾತು ನೋವಾದ್ರ ರಾತ್ರಿ ಆದ್ರೂ ಕಾಯಬ್ಯಾಡ್ರಿ. ಇವು ಯಾವೂ ಇಲ್ಲದೆ ಆರು ವಾರ ಸರಿಯಾಗಿ ಮಾಡಿದ್ರೂ ಕಡಿಮಿ ಆಗದಿದ್ರ ತೋರಿಸ್ರಿ. ಮೊದಲ ದಿನವೇ ಎಂಆರ್‌ಐ ಮಾಡಿಸ್ಲಿಕ್ಕೆ ಓಡಬ್ಯಾಡ್ರಿ. ಚಿಪ್ಪಿನ ಈ ಬ್ಯಾನಿ ಸ್ಕ್ಯಾನಿಗಿಂತ ಕೈಲೆ ಪರೀಕ್ಷಾ ಮಾಡಿದ್ರೇ ಗೊತ್ತಾಗ್ತದ.

ತೊಗರಿ_ಕಣಜ

ಆಯ್ತ್ರಿ. ಸೋಮವಾರ, ಬುಧವಾರ, ಶುಕ್ರವಾರ ಖುರ್ಚಿ ಮತ್ತ ಇಟ್ಟಂಗಿ. ಮಂಗಳವಾರ, ಶನಿವಾರ ಜಿಗಿತ ತೆಗೆದ ವಿಡಿಯೊ ಮತ್ತ ಗುದ್ದು. ಗುರುವಾರ ಕೆರಿ ದಂಡಿ. ಇದು ಸರಿ ಅದಾ?

ಕೀಲು_ಎಣ್ಣಿ

ಸರಿ ಅದ. ಮಂಗಳವಾರ ಮುಂಜಾನಿ ಪಾವಟಿಗಿ ಇಳಿದು ನಂಬರ್ ಬರ್ಕೊಂಡ ಮ್ಯಾಲೇ ವಿಡಿಯೊ ಹಚ್ರಿ.